ವಡೆಯೋ, ಚೀಸೋ, ಕಡುಬೋ?

ಅಕ್ಕ, ಕನ್ನಡ ಕತೆ ಹೇಳಿದರೆ ಮಗ ಇಂಗ್ಲಿಷಲ್ಲೇ ಪ್ರಶ್ನೆ ಕೇಳುತ್ತಾನೆ, ಅದಕ್ಕೇ ಕತೆ ಹೇಳೋದನ್ನೇ ನಿಲ್ಲಿಸಿದೆ ಅಂತ ಬರೆದಿದ್ದೀರಿ. ಓದಿ ಬೇಜಾರಾಯಿತು. ದಯವಿಟ್ಟು ನಿಲ್ಲಿಸಬೇಡಿ.

ನಾನು ಬೆಳೆದದ್ದು ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಆಗಿದ್ದರು. ಕೂಲಿ ಕೆಲಸದವರ ಲೈನ್ ಮನೆಗಳಲ್ಲಿ ತಮಿಳು, ತುಳು, ಕನ್ನಡ ಎಲ್ಲವೂ ಕೇಳುತ್ತಿತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಒಲೆ ಮುಂದೆ ಕೂತು ಕತೆ. ಲೈನ್ ಮನೆಯ ಪಾಟಿ (ತಮಿಳಿನಲ್ಲಿ ಅಜ್ಜಿ) 'ಒರು ಊರ್ಲೆ ಒರು ಪಾಟಿ', ಒಂದೂರಲ್ಲಿ ಒಬ್ಬ ಅಜ್ಜಿ, ಅಂತ ಶುರು ಮಾಡುತ್ತಿದ್ದರು. ವಡೆ ಮಾಡುವ ಅಜ್ಜಿ, ವಡೆ ಕದ್ದ ಕಾಗೆ, ಹಾಡು ಹೇಳು ಅನ್ನುವ ನರಿ. ನನ್ನ ಅಜ್ಜಿ ಹೇಳಿದರೆ ವಡೆ ಹೋಗಿ ಅಕ್ಕಿ ರೊಟ್ಟಿ ಬರುತ್ತಿತ್ತು. ನಮಗೆ ತಮಿಳು ಅರ್ಧಂಬರ್ಧ. ಆದರೂ ಕಾಗೆ ಬಾಯಿ ತೆರೆಯುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು.

ಇಲ್ಲಿ ಮೆಲ್ಬರ್ನಲ್ಲಿ ಮಗಳ ಶಾಲೆಯ ಕತೆಯಲ್ಲಿ ಕಾಗೆ ಚೀಸ್ ಕದಿಯುತ್ತದೆ. ಸುಮಾರು 2000 ವರ್ಷದ ಹಿಂದೆ ರೋಮಿನ ಕವಿ ಫೀಡ್ರಸ್ ಈ ಕತೆಯನ್ನು ಲ್ಯಾಟಿನ್ನಲ್ಲಿ ಬರೆದಾಗಲೂ ಅದು ಚೀಸೇ. ನಮ್ಮ ಕಡೆಯ ಬೌದ್ಧ ಜಾತಕ ಕತೆಗಳಲ್ಲಿ ಕಾಗೆ ನೇರಳೆ ಮರದಲ್ಲಿ ಕೂತಿರುತ್ತದೆ. ನರಿಯ ಹೊಗಳಿಕೆಗೆ ಉಬ್ಬಿ ತಾನೇ ಕೊಂಬೆ ಅಲ್ಲಾಡಿಸಿ ಹಣ್ಣು ಉದುರಿಸುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ?

ಮಗಳು 'ಯಾವುದಮ್ಮ ನಿಜ?' ಅಂದಳು. 'ನಮ್ಮನೆ ಕಾಗೆಗೆ ಏನು ಕೊಡೋಣ?' ಅಂತ ನಾನೇ ಕೇಳಿದೆ. 'ಕಡುಬು' ಅಂದಳು. ಹೋದ ರಜೆಯಲ್ಲಿ ಊರಿಗೆ ಹೋದಾಗ ತಿಂದಿದ್ದಳು. ಅವತ್ತಿನಿಂದ ನಮ್ಮನೆ ಕಾಗೆ ಕದಿಯೋದು ಕಡುಬೇ. ಕತೆಯ ಮಧ್ಯೆ ಅವಳ ಇಂಗ್ಲಿಷ್ ಬಂದರೆ ನಾನು ತಡೆಯೋದಿಲ್ಲ, ತಿದ್ದೋದೂ ಇಲ್ಲ. ಆದರೆ ಹೂಂಗುಟ್ಟಲೇಬೇಕು. ಅವಳು 'ಹೂಂ' ಅನ್ನದಿದ್ದರೆ ಕತೆ ಮುಂದೆ ಹೋಗೋದಿಲ್ಲ. ಕಾಗೆ, ನರಿ ಆಡುವ ಮಾತು ಮಾತ್ರ ಯಾವಾಗಲೂ ಕನ್ನಡದಲ್ಲಿ. ದಿನಾ ಅದೇ ಸಾಲು ಕೇಳಿ ಕೇಳಿ, ಈಗ ನರಿಯ ಮಾತನ್ನು ನನಗಿಂತ ಮೊದಲು ಅವಳೇ ಹೇಳುತ್ತಾಳೆ.

ಬೆರೆಸಿದರೆ ಕನ್ನಡ ಕೆಡುತ್ತದೆ ಅಂತ ಇಲ್ಲಿ ಒಬ್ಬರು ಹೇಳಿದರು. ನಾನು ಒಪ್ಪೋದಿಲ್ಲ. ಹಾಸನ ಜಿಲ್ಲೆಯ ರುದ್ರಪಟ್ಟಣದ ಸಂಕೇತಿ ಸಮುದಾಯದವರನ್ನು ನೋಡಿ. ತಮಿಳುನಾಡಿನ ಕಡೆಯಿಂದ ಬಂದು ನೂರಾರು ವರ್ಷ ಆಗಿದೆ. ಅವರ ಮನೆಮಾತಿಗೆ ತನ್ನದೇ ಲಿಪಿ ಇಲ್ಲ, ಕನ್ನಡವೂ ಧಾರಾಳವಾಗಿ ಬೆರೆತಿದೆ. ಆದರೂ ಮನೆಯಲ್ಲಿ ಆಡುತ್ತಾ ಆಡುತ್ತಾ ಉಳಿಸಿಕೊಂಡಿದ್ದಾರೆ. ಮಾತು ನಿಂತರೆ ನನಗೆ ಭಯ, ಬೆರೆತರೆ ಭಯ ಇಲ್ಲ.

ಭಾನುವಾರ ಸಂಜೆ 7ಕ್ಕೆ ನಮ್ಮಮ್ಮನಿಗೆ ವಿಡಿಯೋ ಕಾಲ್ ಮಾಡುತ್ತೇವೆ. ಅಲ್ಲಿ ಆಗಷ್ಟೇ ಮಧ್ಯಾಹ್ನದ ಊಟ ಮುಗಿದಿರುತ್ತದೆ. ನಿಮ್ಮ ಮಗನನ್ನೂ ಕೂರಿಸಿ. ಅವನು ಇಂಗ್ಲಿಷಲ್ಲೇ ಕೇಳಲಿ. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ, ಅದನ್ನು ನನ್ನ ಮಗಳು ಕನ್ನಡ ಮಾಡಿ ಹೇಳುತ್ತಾಳೆ.