ಆಡಿಟರ್ ಮೇಡಂ ಜೊತೆ ಭಾನುವಾರ: ಸಣ್ಣ ಟ್ರಸ್ಟ್‌ನವರ ಪ್ರಶ್ನೋತ್ತರ

ಅಡ್ಮಿನ್: ನಾಲ್ಕರಿಂದ ಆರರವರೆಗೆ ಆಡಿಟರ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತುಮಕೂರು ಖಜಾಂಚಿ: ನಮಸ್ತೆ ಮೇಡಂ. ದಾನಿಯೊಬ್ಬರು 5,000 ರೂಪಾಯಿ ನಗದು ಕೊಟ್ಟಿದ್ದಾರೆ. ಅವರಿಗೆ 80ಜಿ ತೆರಿಗೆ ವಿನಾಯಿತಿ ಸಿಗುತ್ತಾ?

ಆಡಿಟರ್ ಮೇಡಂ: ನಮಸ್ತೆ. ನಗದು 2,000 ದಾಟಿದರೆ ಸಿಗುವುದಿಲ್ಲ. ರಸೀದಿ ಕೊಡಿ, ನಗದು ಅಂತಲೇ ಬರೆಯಿರಿ. ಮುಂದಿನ ಸಲ ಚೆಕ್ ಅಥವಾ ಯುಪಿಐ ಕೇಳಿ.

ಹಾಸನದ ಸದಸ್ಯ: ನಮ್ಮದು ಸೊಸೈಟಿ. ಟ್ರಸ್ಟ್ ಆಗಿ ಬದಲಾಯಿಸಿಕೊಳ್ಳಬಹುದಾ ಮೇಡಂ?

ಕೋಟೆ ಮೇಷ್ಟ್ರು: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಎಚ್.ಡಿ. ಕೋಟೆ ಕಡೆ ಆದಿವಾಸಿಗಳ ಎರಡು ಹಾಡಿಯಲ್ಲಿ ಜೇನುಕುರುಬರ ಮಕ್ಕಳಿಗೆ ನಮ್ಮ ಟ್ರಸ್ಟ್ ಸಂಜೆ ಪಾಠ ನಡೆಸುತ್ತದೆ. 34 ಮಕ್ಕಳು. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕರೆದುಕೊಂಡು ಹೋಗುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವುದೂ ನಾವೇ. ಸ್ಥಾಪಕರು ಮೂರು ತಿಂಗಳ ಹಿಂದೆ ತೀರಿಕೊಂಡರು. ಟ್ರಸ್ಟಿಗಳು ಮೂರೇ ಜನ ಇದ್ದೆವು. ಈಗ ನಾನು ಮತ್ತು ಅವರ ಹೆಂಡತಿ. ಅವರ ಮಗ ಚೆಕ್ ಪುಸ್ತಕ, ಮಿನಿಟ್ಸ್ (ಸಭೆಯ ನಡಾವಳಿ) ಪುಸ್ತಕ ಎಲ್ಲಾ ತೆಗೆದುಕೊಂಡು, "ಅಪ್ಪನ ಟ್ರಸ್ಟ್, ಇನ್ನು ಅಧ್ಯಕ್ಷ ನಾನೇ" ಅನ್ನುತ್ತಿದ್ದಾನೆ. ಪಾಠ ಹೇಳುವ ಹುಡುಗಿ ಹಾಡಿಯವಳೇ. ಎರಡು ತಿಂಗಳಿಂದ ಸಂಬಳ ಇಲ್ಲ. ಇನ್ನೊಂದು ಹೇಳಬೇಕು. ಸ್ಥಾಪಕರು ಮಿನಿಟ್ಸ್ ಪುಸ್ತಕದ ಖಾಲಿ ಪುಟಗಳಿಗೆ ಮೊದಲೇ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಾನೂ ಹಾಕಿದ್ದೇನೆ.

ಆಡಿಟರ್ ಮೇಡಂ: ಎಷ್ಟು ಪುಟ?

ಕೋಟೆ ಮೇಷ್ಟ್ರು: ಆರೋ ಏಳೋ. ಸರಿಯಾಗಿ ನೆನಪಿಲ್ಲ.

ಆಡಿಟರ್ ಮೇಡಂ: ಮೇಷ್ಟ್ರೇ, ಚೆಕ್ ಪುಸ್ತಕಕ್ಕಿಂತ ನನಗೆ ಆ ಪುಟಗಳದ್ದೇ ಚಿಂತೆ. ಅದರ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು. "ಸಭೆ ಸೇರಿ ಇವರನ್ನು ಅಧ್ಯಕ್ಷರನ್ನಾಗಿ ಆರಿಸಿದೆವು" ಅಂತ ಬರೆದರೆ ಕೆಳಗೆ ನಿಮ್ಮದೇ ಸಹಿ. ನಾಳೆ ಬ್ಯಾಂಕ್ ತೆರೆಯುತ್ತಿದ್ದ ಹಾಗೆ ಹೋಗಿ. ಮರಣ ಪ್ರಮಾಣಪತ್ರದ ಪ್ರತಿ ಜೊತೆ ಪತ್ರ ಕೊಡಿ. ಕೊನೆಯ ನಿಜವಾದ ಸಭೆ ಯಾವತ್ತು ನಡೆಯಿತು, ಆಮೇಲೆ ಯಾವ ಸಭೆಯೂ ಆಗಿಲ್ಲ, ಸಹಿ ಹಾಕಿದ ಖಾಲಿ ಪುಟಗಳು ಹೊರಗೆ ಇವೆ, ಟ್ರಸ್ಟಿಗಳ ಹೊಸ ನಿರ್ಣಯ ಬರುವ ತನಕ ಹಣ ಬಿಡಬೇಡಿ ಅಂತ ಬರೆಯಿರಿ. ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಹುಡುಗನಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹೋಗಲಿ, ಪುಸ್ತಕ ವಾಪಸ್ ಕೇಳಿ.

ಆಮೇಲೆ ಟ್ರಸ್ಟ್ ಡೀಡ್, ಅಂದರೆ ಟ್ರಸ್ಟ್ ಸ್ಥಾಪಿಸಿದ ಪತ್ರ, ತೆಗೆಯಿರಿ. ಮೂಲ ಸಿಗದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಕನಿಷ್ಠ ಎಷ್ಟು ಟ್ರಸ್ಟಿ ಇರಬೇಕು, ಖಾಲಿ ಜಾಗ ಯಾರು ತುಂಬಬೇಕು, ಇವೆರಡು ಕಲಂ ನೋಡಿ. ಸಾಮಾನ್ಯವಾಗಿ ಉಳಿದವರು ತುಂಬಬಹುದು ಅಂತಲೇ ಇರುತ್ತದೆ. ಹಾಗಿದ್ದರೆ ನೀವೂ ಆ ಅಮ್ಮನೂ ಕೂತು ನಿರ್ಣಯ ಮಾಡಿ ಮೂರನೆಯವರನ್ನು ಸೇರಿಸಿ. ಮಗನೇ ಬರಬೇಕು ಅಂತ ಡೀಡ್‌ನಲ್ಲಿ ಬರೆದಿದ್ದರೆ ಮಾತ್ರ ಆ ಹುಡುಗನ ಮಾತಿಗೆ ಬೆಲೆ. ಸಾರ್ವಜನಿಕ ಟ್ರಸ್ಟ್ ಹೊಲ ಮನೆಯ ಹಾಗೆ ಮಕ್ಕಳಿಗೆ ಬರುವ ಆಸ್ತಿಯಲ್ಲ. ಡೀಡ್ ಏನೂ ಹೇಳದಿದ್ದರೆ, ಅಥವಾ ಜಗಳ ಹತ್ತಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಇದೆ. ಹಿತಾಸಕ್ತಿ ಇರುವ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಅದು ವಕೀಲರ ಕೆಲಸ, ನನ್ನದಲ್ಲ.

ಸಂಬಳ ನೀವು ಕೈಯಿಂದ ಕೊಟ್ಟರೆ ಕೊಡಿ. ಸಾಲವೋ ದಾನವೋ ಅಂತ ಅವತ್ತೇ ಬರೆದಿಡಿ.

ತಿಪಟೂರು ಸದಸ್ಯ: ಫಾರ್ವರ್ಡ್ ಬಂದಿದೆ: "ಟ್ರಸ್ಟ್ ನೋಂದಣಿ, 12ಎ, 80ಜಿ ಎಲ್ಲಾ ಒಂದೇ ವಾರದಲ್ಲಿ! ಒಮ್ಮೆ ಮಾಡಿಸಿದರೆ ಜೀವನಪೂರ್ತಿ!!" ನಿಜವಾ?

ಆಡಿಟರ್ ಮೇಡಂ: ಸುಳ್ಳು. 12ಎ ಟ್ರಸ್ಟ್‌ನ ಆದಾಯದ ತೆರಿಗೆ ವಿನಾಯಿತಿಗೆ, 80ಜಿ ದಾನಿಯ ವಿನಾಯಿತಿಗೆ. 2021ರ ಏಪ್ರಿಲ್‌ನಿಂದ ಇವೆರಡಕ್ಕೂ ಜೀವನಪೂರ್ತಿ ಅನ್ನುವುದೇ ಇಲ್ಲ, ಹಳಬರೂ ಮತ್ತೆ ಅರ್ಜಿ ಹಾಕಿದರು. ಅವಧಿ ಮುಗಿಯುವ ಮೊದಲು ನವೀಕರಿಸಲೇಬೇಕು.

ಡಲ್ಲಾಸ್ ಕನ್ನಡಿಗ: ನಾನು ಅಮೆರಿಕದ ಪ್ರಜೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ಊರಿನ ಟ್ರಸ್ಟ್‌ಗೆ ನನ್ನ ಬೆಂಗಳೂರು ಖಾತೆಯಿಂದ ರೂಪಾಯಿಯಲ್ಲೇ ಕಳಿಸಿದರೆ ತೊಂದರೆ ಇಲ್ಲ ಅಲ್ವಾ?

ಆಡಿಟರ್ ಮೇಡಂ: ಇದೆ. ಕಾನೂನಿನ ಲೆಕ್ಕದಲ್ಲಿ ನಿಮ್ಮ ಹಣ ವಿದೇಶಿ ಮೂಲದ್ದು. ರೂಪಾಯಿ ಆದರೂ, ನೂರೇ ಆದರೂ. ಆ ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಆ ಮಾತು ಬೇರೆ.

ಡಲ್ಲಾಸ್ ಕನ್ನಡಿಗ: ಆದರೆ ನನ್ನ ಸ್ನೇಹಿತರು ಎಲ್ಲಾ ಹಾಗೇ ಕಳಿಸುತ್ತಾರೆ.

ಆಡಿಟರ್ ಮೇಡಂ: ಉತ್ತರ ಕೊಟ್ಟಾಗಿದೆ.

ದಾವಣಗೆರೆ ಕಾರ್ಯದರ್ಶಿ: ನಮ್ಮದು ಪರಿಶಿಷ್ಟ ಜಾತಿ ಮಕ್ಕಳಿಗೆ ಮಾತ್ರ. ಒಂದೇ ಜಾತಿಗೆ ಅಂದರೆ ವಿನಾಯಿತಿ ಹೋಗುತ್ತದೆ ಅಂತ ಒಬ್ಬರು ಹೆದರಿಸಿದರು.

ಆಡಿಟರ್ ಮೇಡಂ: ಒಂದು ಜಾತಿ, ಧರ್ಮಕ್ಕೆ ಮಾತ್ರ ಅಂದರೆ ಹೋಗುತ್ತದೆ. ಆದರೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಇವರಿಗಾಗಿ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಹೆದರಬೇಡಿ.

ಯಲ್ಲಾಪುರ ಸದಸ್ಯೆ: ಮೇಡಂ, ಪ್ರಶ್ನೆ ಅಲ್ಲ. ನಾನು ಸಿದ್ದಿ ಸಮುದಾಯದವಳು. ಈ ಗುಂಪಿನಲ್ಲಿ ಎಷ್ಟು ಟ್ರಸ್ಟ್‌ಗಳಲ್ಲಿ ನೀವು ಯಾರಿಗೆ ಕೆಲಸ ಮಾಡುತ್ತೀರೋ ಅವರಲ್ಲಿ ಒಬ್ಬರಾದರೂ ಟ್ರಸ್ಟಿ ಇದ್ದಾರೆ? ಬ್ಯಾನರ್ ಹಿಡಿಸಿ ಫೋಟೋ ತೆಗೆಯುವಾಗ ಮಾತ್ರ ನಮ್ಮ ಮಕ್ಕಳು ಮುಂದೆ.

ತುಮಕೂರು ಖಜಾಂಚಿ: ಫೋಟೋ ಇಲ್ಲದೆ ದಾನಿಗಳು ಕೊಡುವುದಿಲ್ಲ ತಾಯಿ. ಟ್ರಸ್ಟಿ ಆದರೆ ಲೆಕ್ಕ ನೋಡಬೇಕು, ಸಹಿ ಹಾಕಬೇಕು. ಅವರಿಗೆ ಕಷ್ಟ.

ಯಲ್ಲಾಪುರ ಸದಸ್ಯೆ: ನಾನು ಬಿ.ಕಾಂ. ನೀವು?

ತುಮಕೂರು ಖಜಾಂಚಿ: ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ.

ದಾವಣಗೆರೆ ಕಾರ್ಯದರ್ಶಿ: "ಅವರಿಗೆ" ಅಂದಿದ್ದು ಯಾರು ಸಾರ್? ಓದಿದ ಮೇಷ್ಟ್ರೇ ಅಲ್ವಾ ಖಾಲಿ ಪುಟಕ್ಕೆ ಸಹಿ ಹಾಕಿದ್ದು?

ಕೋಟೆ ಮೇಷ್ಟ್ರು: ಹಾಕಿದ್ದು ತಪ್ಪೇ. ನಂಬಿಕೆ ಮೇಲೆ ಹಾಕಿದೆ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಶಿರಾ ಸದಸ್ಯ: ನಗದು 10,000 ಕೊಟ್ಟರೆ 80ಜಿ ಸಿಗುತ್ತಾ?

ಆಡಿಟರ್ ಮೇಡಂ: ಮೇಲೆ ಓದಿ.

ಹಾಸನದ ಸದಸ್ಯ: ಮೇಡಂ, ಸೊಸೈಟಿ ಪ್ರಶ್ನೆ?

ತಿಪಟೂರು ಸದಸ್ಯ: ಇನ್ನೊಂದು ಫಾರ್ವರ್ಡ್: "ಚೆಕ್ ತೆಗೆದುಕೊಂಡು ಕಮಿಷನ್ ಹಿಡಿದು ಉಳಿದದ್ದು ನಗದಾಗಿ ವಾಪಸ್ ಕೊಡಿ, ಟ್ರಸ್ಟ್‌ಗೂ ಲಾಭ, ದಾನಿಗೂ ಲಾಭ." ಸುಮ್ನೆ ಕೇಳಿದೆ.

ಆಡಿಟರ್ ಮೇಡಂ: ಸುಮ್ನೆ ಕೇಳುವ ಮಾತಲ್ಲ ಇದು. ಅದು ವಂಚನೆ. ನೋಂದಣಿ ರದ್ದಾಗುತ್ತದೆ, ದಾನಿಗೆ ನೋಟಿಸ್ ಹೋಗುತ್ತದೆ, ಪಾಠ ಕಲಿಯುವ ಮಕ್ಕಳು ಬೀದಿಗೆ. ಇದನ್ನು ಕಳಿಸಿದವರ ಜೊತೆ ವ್ಯವಹಾರ ಇದ್ದರೆ ನನ್ನ ಆಫೀಸಿಗೆ ಬರಬೇಡಿ.

ತಿಪಟೂರು ಸದಸ್ಯ: ಕೇಳಿದರೆ ಬೈಯುತ್ತೀರಲ್ಲ. ಪ್ರಶ್ನೋತ್ತರ ಯಾಕೆ ಇಡುತ್ತೀರಿ ಮತ್ತೆ?

ಕೋಟೆ ಮೇಷ್ಟ್ರು: ಮೇಡಂ, ಡೀಡ್ ನಕಲು ಸ್ಥಾಪಕರ ಮನೆಯವರ ಹತ್ತಿರವೇ ಇತ್ತು. ಕನಿಷ್ಠ ಮೂವರು, ಉಳಿದವರು ತುಂಬಬಹುದು ಅಂತ ಇದೆ. ಮಗನ ಹೆಸರು ಎಲ್ಲೂ ಇಲ್ಲ. ಪಾಠ ಹೇಳುವ ಹುಡುಗಿಯನ್ನೇ ಮೂರನೆಯವಳಾಗಿ ಸೇರಿಸೋಣ ಅಂತ ಅಮ್ಮನೇ ಹೇಳಿದರು. ಮಗನಿಗೆ ಇನ್ನೂ ಹೇಳಿಲ್ಲ.

ಆಡಿಟರ್ ಮೇಡಂ: ಒಳ್ಳೆಯದು. ಆದರೆ ಟ್ರಸ್ಟಿಗೆ ಟ್ರಸ್ಟ್‌ನಿಂದ ಹಣ ಹೋದರೆ ತೆರಿಗೆಯವರು ಮೊದಲು ನೋಡುವುದು ಅದನ್ನೇ. ಟ್ರಸ್ಟಿಗೆ ಸಂಬಳ ಕೂಡದು ಅಂತ ಡೀಡ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಮಾಡಿದ ಕೆಲಸಕ್ಕೆ ತಕ್ಕ ಸಂಬಳ ತಪ್ಪಲ್ಲ. ಆಕೆಯ ಸಂಬಳ ಚರ್ಚೆ ಆಗುವಾಗ ಆಕೆ ಹೊರಗೆ ಕೂರಲಿ, ಹೊರಗೆ ಕೂತಿದ್ದಳು ಅಂತ ಮಿನಿಟ್ಸ್‌ನಲ್ಲಿ ಬರೆಯಿರಿ. ಹೊಸ ಪುಸ್ತಕ ತೆಗೆದುಕೊಳ್ಳಿ, ಪುಟಕ್ಕೆಲ್ಲ ನಂಬರ್ ಹಾಕಿ. ಚೆಕ್‌ಗೆ ಇಬ್ಬರ ಸಹಿ.

ಯಲ್ಲಾಪುರ ಸದಸ್ಯೆ: ಮೇಷ್ಟ್ರೇ, ಆ ಹುಡುಗಿಯನ್ನು ಕೇಳಿದಿರಾ?

ಕೋಟೆ ಮೇಷ್ಟ್ರು: ಇಲ್ಲ. ನಾಳೆ ಹಾಡಿಗೆ ಹೋಗುತ್ತೇನೆ.

ಆಡಿಟರ್ ಮೇಡಂ: ಮೊದಲು ಬ್ಯಾಂಕ್ ಮೇಷ್ಟ್ರೇ. ಆರು ಗಂಟೆ ಆಯಿತು.

ಶಿರಾ ಸದಸ್ಯ: ಮೇಡಂ ನಿಮ್ಮ ಫೀಸ್ ಎಷ್ಟು?

ಹಾಸನದ ಸದಸ್ಯ: ಮೂರನೇ ಸಲ ಕೇಳುತ್ತಿದ್ದೇನೆ. ಸೊಸೈಟಿ?