ಲಿಫ್ಟ್ ಮಾಡಿದ ಗಾಡಿಗೆ ಎಂಥ ಸ್ಟೀರಿಂಗ್ ಡ್ಯಾಂಪರ್ ಹಾಕಬೇಕು?

ಪ್ರಶ್ನೆ:
ಸರ್, ನನ್ನ ಆಫ್‌ರೋಡ್ ಗಾಡಿಗೆ 3 ಇಂಚು ಲಿಫ್ಟ್ ಮಾಡಿಸಿದ್ದೇನೆ. ಟೈರ್ 33 ಇಂಚಿನವು. ಮುಂದೆ ಸಾಲಿಡ್ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಕಂಪನಿಯಿಂದ ಬಂದ ಸ್ಟೀರಿಂಗ್ ಡ್ಯಾಂಪರಿನಲ್ಲಿ (ಸ್ಟೀರಿಂಗ್‌ಗೆ ಬರುವ ಹೊಡೆತ ತಗ್ಗಿಸುವ, ಶಾಕ್‌ನಂಥ ಭಾಗ) ಆಯಿಲ್ ಸೋರುತ್ತಿದೆ. ಕಲ್ಲಿನ ದಾರಿಯಲ್ಲಿ ಸ್ಟೀರಿಂಗ್ ಕೈಗೆ ಹೊಡೆಯುತ್ತದೆ. ಅದರ ಜೊತೆಗೆ, ಟಾರ್ ರಸ್ತೆಯಲ್ಲಿ 70ರ ವೇಗದಲ್ಲಿ ಗುಂಡಿಗೆ ಇಳಿದರೆ ಒಮ್ಮೊಮ್ಮೆ ಗಾಡಿಯ ಮುಂಭಾಗವೆಲ್ಲ ಗಡಗಡ ನಡುಗುತ್ತದೆ. ವೇಗ ಪೂರ್ತಿ ಇಳಿಸುವ ತನಕ ನಿಲ್ಲುವುದಿಲ್ಲ. ದಪ್ಪನೆಯ ಗ್ಯಾಸ್ ಡ್ಯಾಂಪರ್ ಹಾಕು ಅಂತ ಕೆಲವರು, ಎರಡು ಹಾಕು ಅಂತ ಇನ್ನು ಕೆಲವರು ಹೇಳುತ್ತಾರೆ. ಯಾವುದು ತಗೊಳ್ಳಲಿ?

ಉತ್ತರ (ಸಸ್ಪೆನ್ಷನ್ ಮೆಕ್ಯಾನಿಕ್):
ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ. ಕೈಗೆ ಹೊಡೆಯುವುದಕ್ಕೆ ಹೊಸ ಡ್ಯಾಂಪರ್ ಬೇಕೇ ಬೇಕು. ಗಡಗಡ ನಡುಕಕ್ಕೆ ಮಾತ್ರ ಡ್ಯಾಂಪರ್ ಮದ್ದಲ್ಲ. ಹೊಸದು ಹಾಕಿದ ಮೇಲೆ ನಡುಕ ಸ್ವಲ್ಪ ದಿನ ಅಡಗಿಕೊಳ್ಳಬಹುದು, ಅಷ್ಟರಲ್ಲಿ ಸಡಿಲವಾದ ಜಾಗ ಇನ್ನಷ್ಟು ಸವೆದಿರುತ್ತದೆ. ಆದ್ದರಿಂದ ಮೊದಲು ನಡುಕದ ಮೂಲ ಹುಡುಕಿ. ಅಲ್ಲಿಯವರೆಗೆ ದಯವಿಟ್ಟು ಆ ವೇಗಕ್ಕೆ ಹೋಗಬೇಡಿ.

ಎಂಜಿನ್ ಆನ್ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ, ನೀವು ಬಗ್ಗಿ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಟ್ರ್ಯಾಕ್ ಬಾರ್‌ನ ಎರಡೂ ತುದಿ ನೋಡಿ. ಬ್ರಾಕೆಟ್ ಅಲುಗದೆ ಬೋಲ್ಟ್ ಮಾತ್ರ ಟಕ್ ಟಕ್ ಅಂತ ಜರುಗಿದರೆ ಕಳ್ಳ ಸಿಕ್ಕಿದ ಹಾಗೆ. ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ, ಇಲ್ಲವೇ ಬುಷ್ ಹೋಗಿರುತ್ತದೆ. ಲಿಫ್ಟ್ ಮಾಡಿಸಿದ ಗಾಡಿಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಆಮೇಲೆ ಟೈ ರಾಡ್ (ಮುಂದಿನ ಎರಡು ಚಕ್ರ ಜೋಡಿಸುವ ರಾಡ್) ಎಂಡ್, ಬಾಲ್ ಜಾಯಿಂಟ್, ವ್ಹೀಲ್ ಬ್ಯಾಲೆನ್ಸ್. ಇನ್ನೊಂದು ಕ್ಯಾಸ್ಟರ್, ಅಂದರೆ ಚಕ್ರ ಎಡ-ಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ: ಗಾಡಿ ಎತ್ತರಿಸಿದಾಗ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕಮ್ಮಿಯಾಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಅಲೈನ್‌ಮೆಂಟ್ ಮಾಡಿಸಿ ಆ ಅಂಕಿ ಕೇಳಿ. ಕಮ್ಮಿ ಇದ್ದರೆ ಅಡ್ಜಸ್ಟ್ ಮಾಡುವ ಕಂಟ್ರೋಲ್ ಆರ್ಮ್ ಹಾಕಿಸಬೇಕಾಗುತ್ತದೆ.

ಈಗ ಡ್ಯಾಂಪರ್ ವಿಷಯ. ಅದರ ಎರಡು ತುದಿ ಎಲ್ಲೆಲ್ಲಿ ಕೂತಿವೆ ನೋಡಿ. ಆಕ್ಸಲ್‌ನಿಂದ ಟೈ ರಾಡ್‌ಗೆ ಇದ್ದರೆ ಎರಡೂ ಒಟ್ಟಿಗೇ ಮೇಲೆ ಕೆಳಗೆ ಹೋಗುತ್ತವೆ, ಲಿಫ್ಟ್‌ನಿಂದ ಉದ್ದ ಬದಲಾಗುವುದಿಲ್ಲ. ಸುಮ್ನೆ ಉದ್ದದ್ದು ತರಬೇಡಿ. ಚಾಸಿಯಿಂದ, ಸ್ಟೀರಿಂಗ್ ಬಾಕ್ಸಿನ ಚಲನೆ ಚಕ್ರಕ್ಕೆ ಒಯ್ಯುವ ಡ್ರ್ಯಾಗ್ ಲಿಂಕ್‌ಗೆ ಇದ್ದರೆ ಮಾತ್ರ ಲಿಫ್ಟ್‌ಗೆ ತಕ್ಕ ಉದ್ದ ಬೇಕಾಗುತ್ತದೆ.

ಹಳೆಯದರ ಒಂದು ತುದಿ ಬಿಚ್ಚಿ, ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಒಂದು ಬೋಲ್ಟ್ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಅಳೆಯಿರಿ. ಒಂದು ಕಡೆ 335 ಮಿ.ಮೀ., ಇನ್ನೊಂದು ಕಡೆ 545 ಬಂತು ಅಂತಿಟ್ಟುಕೊಳ್ಳಿ. ಹೊಸದು ಒತ್ತಿದಾಗ 325ಕ್ಕಿಂತ ಚಿಕ್ಕದಾಗಬೇಕು, ಎಳೆದಾಗ 555ಕ್ಕಿಂತ ಉದ್ದ ಬರಬೇಕು. ಎರಡೂ ತುದಿಯಲ್ಲಿ 10 ಮಿ.ಮೀ. ಆದರೂ ಉಳಿಯಲೇಬೇಕು. ಚಕ್ರದ ತಿರುವು ನಿಲ್ಲಬೇಕಾದದ್ದು, ಚಕ್ರವನ್ನು ಹಿಡಿದು ತಿರುಗುವ ನಕಲ್‌ನ ಸ್ಟಾಪರ್ ಮೇಲೆ. ಡ್ಯಾಂಪರೇ ತಡೆಯುವಂತಾದರೆ ರಾಡ್ ಬಗ್ಗುತ್ತದೆ ಅಥವಾ ಬ್ರಾಕೆಟ್ ಕಿತ್ತು ಬರುತ್ತದೆ.

ಒಳಗಿನ ಕೆಲಸವೂ ಮುಖ್ಯ. ಒತ್ತುವಾಗ, ಎಳೆಯುವಾಗ ಒಂದೇ ತಡೆ ಇರಬೇಕು. ಸಸ್ಪೆನ್ಷನ್ ಶಾಕ್ ಹಾಗಿರುವುದಿಲ್ಲ, ಅದರಲ್ಲಿ ಸಾಮಾನ್ಯವಾಗಿ ಎಳೆತಕ್ಕೆ ತಡೆ ಜಾಸ್ತಿ. ಅಳತೆ ಕೂತಿತು ಅಂತ ಅದನ್ನೇ ತಂದು ಹಾಕಿದವರನ್ನು ನೋಡಿದ್ದೇನೆ. ಒಂದು ಕಡೆಗೆ ತಿರುಗಿಸುವಾಗ ಹಗುರ, ಇನ್ನೊಂದು ಕಡೆಗೆ ಭಾರ.

ಗ್ಯಾಸ್ ಡ್ಯಾಂಪರ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಒತ್ತಿ ಬಿಡಿ. ತಾನಾಗಿ ಜೋರಾಗಿ ಹೊರಗೆ ಬಂದರೆ ಸ್ಟೀರಿಂಗನ್ನೂ ಹಾಗೇ ಒಂದು ಕಡೆಗೆ ತಳ್ಳುತ್ತದೆ. ಒಳಗೆ 200 ಪಿ.ಎಸ್.ಐ. ಒತ್ತಡ, ರಾಡ್ 16 ಮಿ.ಮೀ. ದಪ್ಪ ಇದ್ದರೆ ಆ ತಳ್ಳುವ ಬಲ ಸುಮಾರು 28 ಕೆ.ಜಿ. ನಿಮ್ಮ ಟೈರ್ ಸೈಜಿಗೆ ಗ್ಯಾಸ್ ಇಲ್ಲದ, ಅಥವಾ ಕಮ್ಮಿ ಒತ್ತಡದ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆ ಇರುವುದು) ಸಾಕು. ರಾಡ್ ಎರಡೂ ಕಡೆಯಿಂದ ಹೊರಬರುವ ಥ್ರೂ ಶಾಫ್ಟ್ ಮಾದರಿಯಲ್ಲಿ ಈ ತಳ್ಳಾಟವೇ ಇಲ್ಲ. ಆದರೆ ದುಬಾರಿ.

ಪ್ರಶ್ನೆ:
ಹಾಗಾದರೆ ಎರಡು ಹಾಕಿದರೆ, ಒಂದಕ್ಕೊಂದು ಎದುರಾಗಿ? ತಳ್ಳಾಟ ಸರಿಹೋಗುತ್ತೆ ಅಲ್ವಾ?

ಉತ್ತರ:
ತಳ್ಳಾಟ ಸರಿಹೋಗುತ್ತದೆ, ನಿಜ. ಆದರೆ ತಡೆ ಎರಡರಷ್ಟಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ವಾಪಸ್ ಬರಲು ಸೋಮಾರಿಯಾಗುತ್ತದೆ. ಕ್ಯಾಸ್ಟರ್ ಮೊದಲೇ ಕಮ್ಮಿ ಇರುವ ಗಾಡಿಗೆ ಇದು ಇನ್ನೂ ಕಷ್ಟ. 33 ಇಂಚಿನ ಟೈರ್‌ಗೆ ನಾನಂತೂ ಹಾಕಿಕೊಡುವುದಿಲ್ಲ.

ಇನ್ನೊಬ್ಬರ ಪ್ರಶ್ನೆ:
ಅಣ್ಣ, ನನ್ನದು ಇಂಡಿಪೆಂಡೆಂಟ್ ಸಸ್ಪೆನ್ಷನ್, ರ್‍ಯಾಕ್ ಅಂಡ್ ಪಿನಿಯನ್. ನನಗೂ ಬೇಕಾ?

ಉತ್ತರ:
ಸಾಮಾನ್ಯವಾಗಿ ಬೇಡ. ನಡುಗುತ್ತಿದ್ದರೆ ವ್ಹೀಲ್ ಬ್ಯಾಲೆನ್ಸ್, ರ್‍ಯಾಕ್‌ನ ಬುಷ್, ಟೈ ರಾಡ್ ಎಂಡ್ ನೋಡಿಸಿ.

ಮೊದಲು ಕೇಳಿದವರು:
ಸರ್, ನೀವು ಹೇಳಿದಂತೆ ಟ್ರ್ಯಾಕ್ ಬಾರ್ ಬೋಲ್ಟೇ ಸಡಿಲವಿತ್ತು. ಬುಷ್, ಬೋಲ್ಟ್ ಎರಡೂ ಬದಲಾಯಿಸಿದೆ, ನಡುಕ ನಿಂತಿದೆ. ಟ್ವಿನ್ ಟ್ಯೂಬ್ ಡ್ಯಾಂಪರ್ ಹಾಕಿದೆ. ಈಗ ನೇರ ಹೋಗುವಾಗ ಸ್ಟೀರಿಂಗ್ ಚಕ್ರ ಬಲಕ್ಕೆ ಸ್ವಲ್ಪ ವಾಲಿ ನಿಲ್ಲುತ್ತದೆ. ಡ್ಯಾಂಪರ್ ತೊಂದರೆನಾ?

ಉತ್ತರ:
ನಡುಕ ನಿಂತದ್ದು ಕೇಳಿ ನಿಜಕ್ಕೂ ಸಮಾಧಾನವಾಯಿತು. ಡ್ಯಾಂಪರಿನ ಒಂದು ತುದಿ ಬಿಚ್ಚಿ ಕಟ್ಟಿಹಾಕಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ನೇರ ಓಡಿಸಿ. ಆಗಲೂ ವಾಲಿದ್ದರೆ ಡ್ಯಾಂಪರ್ ತಪ್ಪಿಲ್ಲ. ಲಿಫ್ಟ್ ಆದಮೇಲೆ ಡ್ರ್ಯಾಗ್ ಲಿಂಕ್ ಸೆಟ್ ಮಾಡದೆ ಬಿಟ್ಟಿದ್ದಾರೆ, ಅದರ ಮೇಲಿನ ಅಡ್ಜಸ್ಟ್ ಮಾಡುವ ಸ್ಲೀವ್ ತಿರುಗಿಸಿದರೆ ಸ್ಟೀರಿಂಗ್ ನೇರಕ್ಕೆ ಬರುತ್ತದೆ. ಬಿಚ್ಚಿದಾಗ ನೇರಕ್ಕೆ ಬಂದರೆ, ರಬ್ಬರ್ ಬುಷ್ ತಿರುಚಿಕೊಂಡ ಹಾಗೇ ಬೋಲ್ಟ್ ಬಿಗಿದಿರಬಹುದು. ಗಾಡಿ ನೆಲದ ಮೇಲಿದ್ದು ಚಕ್ರಗಳು ನೇರವಾಗಿರುವಾಗ ಎರಡೂ ಬೋಲ್ಟ್ ಸಡಿಲಿಸಿ, ಮತ್ತೆ ಬಿಗಿಯಿರಿ. ಟೈ ರಾಡ್ ಮೇಲಿನ ಡ್ಯಾಂಪರ್ ಕ್ಲಾಂಪ್ ಜಾರಿಲ್ಲ ಅಂತ ಒಂದು ಗುರುತು ಹಾಕಿಕೊಂಡು, ಮುಂದಿನ ಆಫ್‌ರೋಡ್ ಆದಮೇಲೆ ಮತ್ತೊಮ್ಮೆ ನೋಡಿ.