ಅಪ್‌ಡೇಟ್: ಜೇಬಿನ ಚಾಕು ಈಗ ಟೊಮೆಟೊ ಸಿಪ್ಪೆಯನ್ನೂ ಒತ್ತದೆ ಕೊಯ್ಯುತ್ತಿದೆ

ಮಡಚುವ ಚಾಕುವನ್ನು ಮನೆಯಲ್ಲೇ ಮಸೆಯಲು ಎಂಥ ಕಲ್ಲು ಬೇಕು, ಕೋನ ಹಿಡಿಯುವುದು ಹೇಗೆ ಎಂದು ಶಿರಸಿಯಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್ (ಕಲ್ಲಿನ ನುಣುಪಿನ ಅಂಕಿ, ಹೆಚ್ಚಿದಷ್ಟೂ ನುಣುಪು) ಇರುವ ಸಾಣೆಕಲ್ಲು ತಂದೆ. ನಮ್ಮ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಕೋನದ ವಿಷಯದಲ್ಲಿ ಅಳತೆಯೇ ಕೈ ಹಿಡಿಯಿತು: ಅಲಗು 2 ಸೆಂ.ಮೀ. ಅಗಲವಿದ್ದರೆ ಅದರ ಬೆನ್ನನ್ನು ಕಲ್ಲಿನಿಂದ ಸುಮಾರು 7 ಮಿ.ಮೀ. ಎತ್ತಬೇಕು, ಆಗ 20 ಡಿಗ್ರಿ ಸಿಗುತ್ತದೆ. ಅಂಚಿಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು ಮಸೆಯಿರಿ ಎಂದವರಿಗೆ ವಿಶೇಷ ವಂದನೆ. ಮಸಿ ಬೆನ್ನಿನ ಕಡೆಗಷ್ಟೇ ಅಳಿಸಿದರೆ ಬೆನ್ನು ತಗ್ಗಿದೆ, ಹರಿತದ ಅಂಚಿನಲ್ಲಷ್ಟೇ ಅಳಿಸಿದರೆ ಹೆಚ್ಚು ಎತ್ತಿದ್ದೇವೆ ಎಂದರ್ಥ. ಇದಕ್ಕಿಂತ ಒಳ್ಳೆಯ ಗುರು ಇಲ್ಲ!

ಮುಖ್ಯ ಸಂಗತಿ ಇನ್ನೊಂದಿದೆ. ಒಂದು ಬದಿ ಮಸೆದಾಗ ಎದುರು ಬದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಎಳೆ ಏಳುತ್ತದೆ. ಬೆನ್ನಿನ ಕಡೆಯಿಂದ ಅಂಚಿನತ್ತ ಬೆರಳನ್ನು ಹಗುರವಾಗಿ ಜಾರಿಸಿದರೆ ಅದು ತಡೆಯುತ್ತದೆ. ಹಿಡಿಯಿಂದ ತುದಿಯವರೆಗೂ ಅದು ಸಿಕ್ಕಿದ ಮೇಲೆಯೇ ಚಾಕು ತಿರುಗಿಸಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಬೆನ್ನು ಮುಂದೆ, ಅಂಚು ಹಿಂದೆ ಇರುವಂತೆ ಎಳೆದರೆ ಆ ಎಳೆ ಹೋಗುತ್ತದೆ. ಬೆಲ್ಟನ್ನು ಬಿಡಲೇಬೇಡಿ, ನಿಜವಾದ ಹರಿತ ಬರುವುದು ಅಲ್ಲೇ.

ಅಲಗಿಗೆ ಅಂಟಿದ ಹಲಸಿನ ಮೇಣಕ್ಕೆ ತೆಂಗಿನೆಣ್ಣೆಯೇ ಮದ್ದು. ಮಸೆಯುವ ಮೊದಲೇ ಒರೆಸಿ ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಚಾಕು ಮಡಚುವ ಕೀಲಿಗೂ ಒಂದು ಹನಿ ಎಣ್ಣೆ ಬಿಡಿ, ಅಲ್ಲಿಗೂ ತುಕ್ಕು ಬೇಗ ಹಿಡಿಯುತ್ತದೆ.